ಕೆಮ್ಮಲು ಹೆದರಬೇಡಿ: ಹೃದಯದ ಆಪರೇಷನ್ ನಂತರ ಶ್ವಾಸಕೋಶ ಕಾಪಾಡುವ ಉಸಿರಾಟದ ಅಭ್ಯಾಸ

"ಎದೆಮೂಳೆ ಕೊಯ್ದು ಹೊಲಿದಿದ್ದಾರೆ. ಮಾರನೇ ದಿನವೇ ಬಂದು ಜೋರಾಗಿ ಉಸಿರು ಎಳೀರಿ, ಕೆಮ್ಮಿ ಅಂತಾರೆ. ಕೆಮ್ಮಿದರೆ ಹೊಲಿಗೆ ಬಿಟ್ಟುಹೋಗಲ್ವಾ?"

ಹೃದಯದ ಆಪರೇಷನ್ ಆದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಇದು. ಬಾಯಿಬಿಟ್ಟು ಕೇಳದವರು ಮನಸ್ಸಿನಲ್ಲೇ ಇಟ್ಟುಕೊಂಡು, ಕೆಮ್ಮು ಬಂದರೂ ತಡೆದುಕೊಂಡು, ಮೇಲುಸಿರಿನಲ್ಲೇ ದಿನ ಕಳೆಯುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ. ಆಪರೇಷನ್ ಚೆನ್ನಾಗಿ ಆಗಿದ್ದರೂ ನಾಲ್ಕನೇ ದಿನ ಜ್ವರ, ಕಫ, ಏದುಸಿರು ಕಾಣಿಸಿಕೊಂಡು ಮತ್ತೆ ಐಸಿಯುಗೆ ಹೋಗುವ ಸಂದರ್ಭಗಳಿವೆ.

ಸಹೋದರಿಯರೇ, ಹೃದಯದ ಕಾಯಿಲೆ ಪಟ್ಟಣದವರಿಗಷ್ಟೇ ಬರುವ ಕಾಯಿಲೆಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಳ್ಳಿಗಳಿಗೂ ಬಂದಿವೆ. ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಕೀಲುನೋವು, ಜ್ವರ ಬಂದು, ಅದು ಮುಂದೆ ಹೃದಯದ ಕವಾಟವನ್ನೇ ಕೆಡಿಸುವ ರುಮ್ಯಾಟಿಕ್ ಹೃದಯ ಕಾಯಿಲೆ ನಮ್ಮ ಹೆಣ್ಣುಮಕ್ಕಳಲ್ಲಿ ಹೆಚ್ಚು. ಆಪರೇಷನ್ ನಿಮಗೇ ಆಗಬಹುದು. ಯಜಮಾನರಿಗೋ ಅತ್ತೆಗೋ ಆದಾಗ ಹಾಸಿಗೆ ಪಕ್ಕ ಕೂರುವವರು ನೀವೇ ಆಗಿರಬಹುದು. ಆದ್ದರಿಂದ ಈ ಲೇಖನ ರೋಗಿಗೂ, ರೋಗಿಯನ್ನು ನೋಡಿಕೊಳ್ಳುವವರಿಗೂ ಸೇರಿದ್ದು.

ಆಪರೇಷನ್ ಹೃದಯಕ್ಕೆ, ತೊಂದರೆ ಶ್ವಾಸಕೋಶಕ್ಕೇಕೆ?

ನಮ್ಮ ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ರಕ್ತಕ್ಕೆ ಆಮ್ಲಜನಕ ಸೇರುವುದು ಇವುಗಳ ಗೋಡೆಯ ಮೂಲಕ. ಆರೋಗ್ಯವಂತರು ಕೆಲವು ನಿಮಿಷಗಳಿಗೊಮ್ಮೆ ತಮಗೆ ಅರಿವಿಲ್ಲದೆಯೇ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾರೆ. ಅದನ್ನೇ ನಾವು ನಿಟ್ಟುಸಿರು ಎನ್ನುತ್ತೇವೆ. ಮುದುಡಿಕೊಂಡ ಗಾಳಿಚೀಲಗಳು ಮತ್ತೆ ಬಿಚ್ಚಿಕೊಳ್ಳುವುದು ಈ ದೊಡ್ಡ ಉಸಿರಿನಿಂದ.

ಹೃದಯದ ಆಪರೇಷನ್ ಸಾಮಾನ್ಯವಾಗಿ ಕೆಲವು ಗಂಟೆಗಳ ಕೆಲಸ. ಅಷ್ಟು ಹೊತ್ತೂ ರೋಗಿ ಅಂಗಾತ ಮಲಗಿರುತ್ತಾರೆ. ಅರಿವಳಿಕೆ ಕೊಟ್ಟಿರುವುದರಿಂದ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಸಡಿಲವಾಗುತ್ತದೆ. ಉಸಿರಾಟಕ್ಕೆ ಮುಖ್ಯವಾದ ಸ್ನಾಯು ಇದೇ. ಹಲವು ಆಪರೇಷನ್‌ಗಳಲ್ಲಿ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಒಂದು ಯಂತ್ರಕ್ಕೆ ವಹಿಸುತ್ತಾರೆ. 1953ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡಾ. ಜಾನ್ ಗಿಬ್ಬನ್ ಅವರು ಇಂಥ ಯಂತ್ರದ ನೆರವಿನಿಂದ ಮೊದಲ ಬಾರಿಗೆ ಯಶಸ್ವಿಯಾಗಿ ಹೃದಯದ ಆಪರೇಷನ್ ಮಾಡಿದರು. ಯಂತ್ರ ಕೆಲಸ ಮಾಡುವಾಗ ಶ್ವಾಸಕೋಶ ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿರುತ್ತದೆ. ಆಪರೇಷನ್ ಮುಗಿದ ಮೇಲೆ ಅದನ್ನು ಮತ್ತೆ ಹಿಗ್ಗಿಸುತ್ತಾರೆ, ಆದರೆ ಕೆಳಭಾಗದ ಮೂಲೆಗಳು ಮುದುಡಿಯೇ ಉಳಿಯಬಹುದು. ಹೃದಯ ಎಡಕ್ಕೆ ವಾಲಿ ಕೂತಿರುವುದೂ ಒಂದು ಕಾರಣವಾಗಿ, ಎಡ ಶ್ವಾಸಕೋಶದ ಕೆಳಭಾಗದಲ್ಲಿ ಇದು ಹೆಚ್ಚು. ಯಂತ್ರವಿಲ್ಲದೆ ಹೃದಯ ಬಡಿಯುತ್ತಿರುವಾಗಲೇ ಬೈಪಾಸ್ ಮಾಡುವುದೂ ಇದೆ. ಆಗಲೂ ಅರಿವಳಿಕೆ ಮತ್ತು ಎದೆಯ ಗಾಯ ಇದ್ದೇ ಇರುತ್ತವೆ.

ಎಚ್ಚರವಾದ ಮೇಲೆ ನೋವು. ಎದೆಮೂಳೆಯನ್ನು ಉದ್ದಕ್ಕೆ ಕೊಯ್ದಿರುವುದರಿಂದ ಪ್ರತಿ ದೊಡ್ಡ ಉಸಿರೂ ಚುಚ್ಚುತ್ತದೆ. ರೋಗಿ ಸಣ್ಣ ಸಣ್ಣ ಉಸಿರು ತೆಗೆದುಕೊಳ್ಳಲು ಶುರುಮಾಡುತ್ತಾರೆ. ನೋವಿಗೆ ಕೊಡುವ ಕೆಲವು ಬಲವಾದ ಔಷಧಿಗಳು ಮಂಪರು ತಂದು ಸಹಜ ನಿಟ್ಟುಸಿರನ್ನೂ ಕಡಿಮೆ ಮಾಡುತ್ತವೆ. ಮುದುಡಿದ ಮೂಲೆಗಳು ಬಿಚ್ಚಿಕೊಳ್ಳುವುದಿಲ್ಲ. ಅಲ್ಲಿ ಕಫ ನಿಲ್ಲುತ್ತದೆ. ನಿಂತ ಕಫದಲ್ಲಿ ರೋಗಾಣು ಬೆಳೆದರೆ ಅದೇ ನ್ಯುಮೋನಿಯಾ.

ಕೆಚ್ಚಲು ಕಲಿಸುವ ಪಾಠ

ಈ ಮಾತು ನಿಮಗೆ ಹೊಸದಲ್ಲ. ಕೆಚ್ಚಲಿನ ಒಂದು ಭಾಗದಲ್ಲಿ ಹಾಲು ಪೂರ್ತಿ ಕರೆಯದೆ ಬಿಟ್ಟರೆ ಏನಾಗುತ್ತದೆ? ನಿಂತ ಹಾಲಿನಲ್ಲಿ ರೋಗಾಣು ಬೆಳೆಯುತ್ತದೆ, ಕೆಚ್ಚಲು ಬಾವು ಬರುತ್ತದೆ. ಹಸು ಒದೆಯುತ್ತದೆ ಎಂದು ಹೆದರಿ ಅರ್ಧಕ್ಕೆ ಬಿಟ್ಟರೆ ನಷ್ಟ ಹಸುವಿಗೂ ಹೌದು, ನಿಮಗೂ ಹೌದು. ಶ್ವಾಸಕೋಶದ ಕಥೆಯೂ ಅದೇ. ಗಾಳಿ ಮೂಲೆ ಮೂಲೆಗೂ ತಲುಪಬೇಕು, ಕಫ ಪೂರ್ತಿ ಹೊರಬರಬೇಕು.

ಕರು ಹಾಕಿದ ಮೇಲೆ ಹಾಲು ಜ್ವರದಿಂದ ಬಿದ್ದ ಹಸುವನ್ನು ನೀವು ಹಾಗೇ ಒಂದೇ ಮಗ್ಗುಲಿಗೆ ಬಿಡುವುದಿಲ್ಲ. ಎದೆಯ ಮೇಲೆ ಕೂರುವಂತೆ ಹುಲ್ಲಿನ ಮೂಟೆ ಆನಿಸುತ್ತೀರಿ, ಗಂಟೆಗಂಟೆಗೆ ಮಗ್ಗುಲು ಬದಲಿಸುತ್ತೀರಿ. ಆದರೆ ಮನೆಯವರಿಗೆ ಆಪರೇಷನ್ ಆದಾಗ ಮಾತ್ರ "ಪಾಪ, ಮಲಗಿರಲಿ, ಎಬ್ಬಿಸಬೇಡಿ" ಎನ್ನುತ್ತೇವೆ. ಆ ಕರುಣೆಯೇ ಅವರಿಗೆ ಕೆಟ್ಟದ್ದು ಮಾಡಬಹುದು.

ಕಾಯುವ ದಿನಗಳೇ ಅಭ್ಯಾಸದ ದಿನಗಳು

ತುರ್ತು ಆಪರೇಷನ್ ಅಲ್ಲದಿದ್ದರೆ ದಿನ ಗೊತ್ತಾದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳ ಸಮಯ ಸಿಗುತ್ತದೆ. ಆ ಸಮಯವನ್ನು ಬಳಸಿಕೊಂಡರೆ ಎಷ್ಟು ಲಾಭ ಎಂಬುದಕ್ಕೆ ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. ಬೈಪಾಸ್ ಆಪರೇಷನ್‌ಗೆ ಕಾಯುತ್ತಿದ್ದ, ಶ್ವಾಸಕೋಶದ ತೊಂದರೆ ಬರುವ ಸಾಧ್ಯತೆ ಹೆಚ್ಚಿದ್ದ 279 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರು ಆಪರೇಷನ್‌ಗೆ ಮುಂಚೆ ಕನಿಷ್ಠ ಎರಡು ವಾರ, ದಿನಕ್ಕೆ 20 ನಿಮಿಷ, ಉಸಿರು ಎಳೆಯುವ ಸ್ನಾಯುಗಳಿಗೆ ಬಲ ಕೊಡುವ ಅಭ್ಯಾಸ ಮಾಡಿದರು. ಆಮೇಲೆ ನೋಡಿದರೆ, ಅಭ್ಯಾಸ ಮಾಡಿದವರಲ್ಲಿ 100ಕ್ಕೆ 18 ಮಂದಿಗೆ ಶ್ವಾಸಕೋಶದ ತೊಂದರೆ ಬಂದಿತ್ತು. ಇನ್ನೊಂದು ಗುಂಪಿನಲ್ಲಿ 100ಕ್ಕೆ 35 ಮಂದಿಗೆ. ನ್ಯುಮೋನಿಯಾ ಕೂಡ ಅರ್ಧಕ್ಕಿಂತ ಕಡಿಮೆಯಾಗಿತ್ತು.

ಆದ್ದರಿಂದ ಆಪರೇಷನ್ ದಿನ ಗೊತ್ತಾದ ಕೂಡಲೇ "ಫಿಸಿಯೋಥೆರಪಿಯವರನ್ನು ನೋಡಬೇಕು, ಉಸಿರಾಟದ ಅಭ್ಯಾಸ ಹೇಳಿಕೊಡಿ" ಎಂದು ಕೇಳಿ. ನೋವಿಲ್ಲದಾಗ ಕಲಿತದ್ದು ನೋವಿದ್ದಾಗ ಕೈಹಿಡಿಯುತ್ತದೆ. ಜೊತೆಗೆ ಈ ನಾಲ್ಕು ಮಾತು ಪಾಲಿಸಿ:

- ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿಗೆ ಆಪರೇಷನ್ ಇದ್ದರೆ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಿಸಬೇಕು. ಇನ್ನೂ ಮುಂಚೆ ಬಿಟ್ಟರೆ ಇನ್ನೂ ಒಳ್ಳೆಯದು.
- ಸೌದೆ ಒಲೆಯ ಹೊಗೆ, ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹಾಕುವ ಹೊಗೆ, ಹಿಂಡಿ ಬೂಸಾದ ದೂಳಿನಿಂದ ದೂರವಿರಿ.
- ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಹಲ್ಲುಜ್ಜಿ. ಎಲೆ ಅಡಿಕೆ, ಹೊಗೆಸೊಪ್ಪು ಬಿಡಿ. ಬಾಯಿಯ ಕೊಳೆಯಲ್ಲಿರುವ ರೋಗಾಣುಗಳು ಶ್ವಾಸಕೋಶಕ್ಕೆ ಇಳಿಯಬಲ್ಲವು. ಹುಳುಕು ಹಲ್ಲಿದ್ದರೆ ಮೊದಲೇ ವೈದ್ಯರಿಗೆ ತೋರಿಸಿ.
- ಕೆಮ್ಮು, ನೆಗಡಿ, ಜ್ವರ ಇದ್ದರೆ ಮುಚ್ಚಿಡಬೇಡಿ. ದಿನ ಮುಂದೆ ಹೋದರೂ ಪರವಾಗಿಲ್ಲ.

ಖರ್ಚಿನ ಚಿಂತೆ ಇರುವವರಿಗೆ ಒಂದು ಮಾತು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ನಡುವೆ ನಿಂತು ಈಗ ಮತ್ತೆ ನಡೆಯುತ್ತಿದೆ. ಕಾಯಿಲೆ ಬಂದ ಮೇಲೆ ಓಡಾಡುವ ಬದಲು, ನೋಂದಣಿ ಯಾವಾಗ ಎಂದು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಈಗಲೇ ಕೇಳಿಟ್ಟುಕೊಳ್ಳಿ.

ಆಪರೇಷನ್ ನಂತರ ಮಾಡಬೇಕಾದ ಐದು ಅಭ್ಯಾಸ

ಉಸಿರಾಟದ ಯಂತ್ರದ ಕೊಳವೆಯನ್ನು ಗಂಟಲಿನಿಂದ ತೆಗೆದು, ರೋಗಿ ಪೂರ್ತಿ ಎಚ್ಚರವಾದ ಮೇಲೆ ಆಸ್ಪತ್ರೆಯವರೇ ಅಭ್ಯಾಸ ಶುರುಮಾಡಿಸುತ್ತಾರೆ. ಅವರು ಹೇಳಿದ ಲೆಕ್ಕವೇ ನಿಮ್ಮ ಲೆಕ್ಕ. ಸಾಮಾನ್ಯವಾಗಿ ಅದು ಹೀಗಿರುತ್ತದೆ.

1. ಆಳವಾದ ಉಸಿರು. ಹಾಸಿಗೆಯ ತಲೆಭಾಗ ಎತ್ತರಿಸಿಕೊಂಡು ಅಥವಾ ಕುರ್ಚಿಯಲ್ಲಿ ನೆಟ್ಟಗೆ ಕೂರಿ. ಭುಜ ಸಡಿಲ ಬಿಡಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಮೂಗಿನಿಂದ ನಿಧಾನವಾಗಿ ಉಸಿರೆಳೆಯಿರಿ. ಭುಜ ಮೇಲೇಳಬಾರದು, ಹೊಟ್ಟೆಯ ಮೇಲಿನ ಕೈ ಮುಂದೆ ಬರಬೇಕು. ಒಂದು, ಎರಡು, ಮೂರು ಎಣಿಸುವಷ್ಟು ಹೊತ್ತು ಹಿಡಿಯಿರಿ. ಮುದುಡಿದ ಗಾಳಿಚೀಲ ಬಿಚ್ಚಿಕೊಳ್ಳಲು ಈ ಮೂರು ಎಣಿಕೆ ಬೇಕು. ಆಮೇಲೆ, ಬಿಸಿ ಹಾಲು ಆರಿಸಲು ಊದುವಂತೆ ತುಟಿ ಸಣ್ಣ ಮಾಡಿ ನಿಧಾನವಾಗಿ ಬಿಡಿ. ಎಚ್ಚರವಿರುವಾಗ ಗಂಟೆಗೊಮ್ಮೆ ಹತ್ತು ಸಲ. ನಾಲ್ಕೈದು ಉಸಿರಿಗೊಮ್ಮೆ ಸುಧಾರಿಸಿಕೊಳ್ಳಿ. ಒಂದೇ ಸಮನೆ ಮಾಡಿದರೆ ತಲೆ ಸುತ್ತುತ್ತದೆ.

2. ಮೂರು ಚೆಂಡಿನ ಉಪಕರಣ. ಮೂರು ಕೊಳವೆಯಲ್ಲಿ ಮೂರು ಚೆಂಡಿರುವ ಸ್ಪೈರೋಮೀಟರ್ ಅನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ. ಇದರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಊದುತ್ತಾರೆ. ಇದು ಊದುವ ಉಪಕರಣವಲ್ಲ, ಹೀರುವ ಉಪಕರಣ. ಮೊದಲು ಉಸಿರು ಹೊರಬಿಟ್ಟು, ಕೊಳವೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು, ಎಳನೀರು ಹೀರುವಂತೆ ಉಸಿರು ಎಳೆಯಿರಿ. ಮೊದಲ ದಿನ ಒಂದೇ ಚೆಂಡು ಎದ್ದರೂ ಸಾಕು. ಮೂರನ್ನೂ ಒಮ್ಮೆಲೇ ಟಕ್ಕನೆ ಎಬ್ಬಿಸುವ ಪೈಪೋಟಿ ಬೇಡ. ಒಂದೆರಡು ಚೆಂಡನ್ನು ಎರಡು ಮೂರು ಕ್ಷಣ ಮೇಲೆ ನಿಲ್ಲಿಸುವುದೇ ಹೆಚ್ಚು ಪ್ರಯೋಜನ. ಉಪಕರಣ ಕಳೆದುಹೋದರೆ ಅಥವಾ ಸಿಗದಿದ್ದರೆ ಚಿಂತಿಸಬೇಡಿ. ಬರೀ ಆಳ ಉಸಿರಿಗಿಂತ ಇದು ಹೆಚ್ಚು ಕೆಲಸ ಮಾಡುತ್ತದೆಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಚೆಂಡು ಬರೀ ನೆನಪಿಸುವ ಸಾಧನ, ಕೆಲಸ ಮಾಡುವುದು ನಿಮ್ಮ ಉಸಿರು. ಹಾಗೆಯೇ "ಬಲೂನು ಊದಿದರೆ ಸಾಕು" ಎಂಬ ಮಾತನ್ನೂ ನೆಚ್ಚಿ ಕೂರಬೇಡಿ. ಮೂಲೆಗೆ ಗಾಳಿ ತಲುಪಿಸುವುದು ಮುಖ್ಯವಾಗಿ ಒಳಗೆಳೆದ ಉಸಿರು.

3. ದಿಂಬು ಅಪ್ಪಿ ಕೆಮ್ಮುವುದು. ಈಗ ಮೊದಲಿನ ಪ್ರಶ್ನೆಗೆ ಬರೋಣ. ಎದೆಮೂಳೆಯನ್ನು ಬರೀ ದಾರದಿಂದ ಹೊಲಿದಿರುವುದಿಲ್ಲ. ಸಾಮಾನ್ಯವಾಗಿ ಸ್ಟೀಲ್ ತಂತಿಯಿಂದ ಹಲವು ಕಡೆ ಬಿಗಿದು ಕಟ್ಟಿರುತ್ತಾರೆ. ಎದೆಗೆ ಆಸರೆ ಕೊಟ್ಟು ಕೆಮ್ಮಿದರೆ ಅದು ಬಿಚ್ಚಿಕೊಳ್ಳುತ್ತದೆಂಬ ಭಯ ಬೇಡ. ಚಿಕ್ಕ ದಿಂಬನ್ನೋ ಮಡಿಸಿದ ದಪ್ಪ ಟವೆಲನ್ನೋ ಗಾಯದ ಮೇಲಿಟ್ಟು ಎರಡೂ ಕೈಯಿಂದ ಮಗುವನ್ನು ಅಪ್ಪಿಕೊಂಡಂತೆ ಒತ್ತಿಹಿಡಿಯಿರಿ. ಸ್ವಲ್ಪ ಮುಂದೆ ಬಾಗಿ. ಎರಡು ಮೂರು ಆಳ ಉಸಿರು ಎಳೆದು, ಬಾಯಿ ತೆರೆದು, ಹೊಟ್ಟೆಯಿಂದ ಒಮ್ಮೆ ಕೆಮ್ಮಿ. ಗಂಟಲಿನಿಂದ ಬರುವ ಸಣ್ಣ ಕೆಮ್ಮಲಿನಿಂದ ಕಫ ಬರುವುದಿಲ್ಲ, ಸುಸ್ತು ಮಾತ್ರ. ಬಂದ ಕಫವನ್ನು ನುಂಗಬೇಡಿ, ಉಗುಳಿ, ಬಣ್ಣ ನೋಡಿ. ಸೀನು ಬಂದಾಗಲೂ, ನಕ್ಕಾಗಲೂ ದಿಂಬು ಕೈಯಲ್ಲಿರಲಿ.

4. ಕನ್ನಡಿ ಉಸಿರು. ಕೆಮ್ಮಲು ತೀರಾ ನೋವಾದರೆ ಇದನ್ನು ಮಾಡಿ. ಕನ್ನಡಿ ಒರೆಸುವ ಮುಂಚೆ "ಹಾ" ಎಂದು ಬಾಯಿಂದ ಆವಿ ಬಿಡುತ್ತೇವಲ್ಲ, ಹಾಗೆ. ಸಾಧಾರಣ ಉಸಿರು ಎಳೆದು, ಬಾಯಿ ಅಗಲ ತೆರೆದು, ಒಂದೆರಡು ಸಲ "ಹಾ... ಹಾ..." ಎಂದು ತುಸು ಜೋರಾಗಿ ಉಸಿರು ಬಿಡಿ. ಆಳದಲ್ಲಿರುವ ಕಫ ಮೇಲೆ ಬರುತ್ತದೆ. ಮೇಲೆ ಬಂದ ಮೇಲೆ ಒಂದೇ ಕೆಮ್ಮಿಗೆ ಹೊರಗೆ ಹೋಗುತ್ತದೆ.

5. ಕೂರುವುದು, ನಿಲ್ಲುವುದು, ನಡೆಯುವುದು. ಮಲಗಿದಾಗ ಹೊಟ್ಟೆಯ ಭಾರ ವಪೆಯನ್ನು ಮೇಲಕ್ಕೆ ತಳ್ಳುತ್ತದೆ. ಕೂತರೆ ಶ್ವಾಸಕೋಶಕ್ಕೆ ಜಾಗ ಸಿಗುತ್ತದೆ. ಆಸ್ಪತ್ರೆಯವರು ಅನುಮತಿ ಕೊಟ್ಟ ಕೂಡಲೇ ಕುರ್ಚಿಯಲ್ಲಿ ಕೂರಿ, ಮಾರನೇ ದಿನ ನಾಲ್ಕು ಹೆಜ್ಜೆ ಹಾಕಿ, ದಿನದಿನಕ್ಕೆ ಹೆಚ್ಚಿಸಿ. ಮಲಗಿರುವಾಗ ಪಾದಗಳನ್ನು ಮೇಲೆ ಕೆಳಗೆ ಆಡಿಸುತ್ತಿರಿ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ನೆರವು. ಅಲ್ಲಿ ಗಟ್ಟಿಯಾದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ.

ಇಷ್ಟರಿಂದ ನಿಜಕ್ಕೂ ಉಪಯೋಗವಿದೆಯೇ? ಸ್ವೀಡನ್‌ನಲ್ಲಿ ಬೈಪಾಸ್ ಆದ 90 ಮಂದಿಯನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೊದಲ ನಾಲ್ಕು ದಿನ ಹಗಲಿನಲ್ಲಿ ಗಂಟೆಗೊಮ್ಮೆ ಆಳ ಉಸಿರಿನ ಅಭ್ಯಾಸ ಮಾಡಿದವರ ಶ್ವಾಸಕೋಶವನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಮುದುಡಿದ ಭಾಗ ಅಭ್ಯಾಸ ಮಾಡದವರಿಗಿಂತ ಸುಮಾರು ಅರ್ಧದಷ್ಟೇ ಇತ್ತು.

ನೋವು ನುಂಗಬೇಡಿ

ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕಾದ ಮಾತು ಇದು. ನೋವು ತಡೆದುಕೊಳ್ಳುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ನರ್ಸ್ ಬಂದು "ನೋವಿದೆಯಾ ಅಮ್ಮಾ?" ಎಂದರೆ "ಏನಿಲ್ಲ, ಪರವಾಗಿಲ್ಲ" ಎನ್ನುತ್ತೇವೆ. ಆದರೆ ನೋವು ನುಂಗಿದವರು ಉಸಿರನ್ನೂ ನುಂಗುತ್ತಾರೆ. ಆಳ ಉಸಿರು ಎಳೆಯಲು ಆಗದಷ್ಟು ನೋವಿದ್ದರೆ ಧಾರಾಳವಾಗಿ ಹೇಳಿ. ನೋವಿನ ಮಾತ್ರೆ ಕೊಟ್ಟ ಅರ್ಧ ಮುಕ್ಕಾಲು ಗಂಟೆಯ ಮೇಲೆ ಅಭ್ಯಾಸ ಮಾಡಿದರೆ ಸುಲಭ. ಮಾತ್ರೆ ಕೇಳುವುದು ನಾಚಿಕೆಯ ವಿಷಯವಲ್ಲ, ಅದು ಚಿಕಿತ್ಸೆಯ ಭಾಗ.

ಪಕ್ಕದಲ್ಲಿ ಇರುವವರ ಕೆಲಸವೂ ದೊಡ್ಡದು. ಮೊಬೈಲಿನಲ್ಲಿ ಗಂಟೆಗೊಂದು ಅಲಾರಂ ಇಡಿ. ಜೊತೆಯಲ್ಲೇ ನೀವೂ ಉಸಿರೆಳೆದು ಎಣಿಸಿ. ನೀರು, ಗಂಜಿ ಕೊಡುವಾಗ ರೋಗಿ ಎಚ್ಚರವಾಗಿ, ನೆಟ್ಟಗೆ ಕೂತಿರಬೇಕು. ಹಸುವಿಗೆ ಗೊಟ್ಟದಲ್ಲಿ ಔಷಧಿ ಹಾಕುವಾಗ ತಲೆ ಹೆಚ್ಚು ಎತ್ತಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆಂದು ಪಶುವೈದ್ಯರು ಎಚ್ಚರಿಸುತ್ತಾರಲ್ಲ, ಮಲಗಿದ ಮನುಷ್ಯರಿಗೆ ಕುಡಿಸಿದರೂ ಅದೇ ಅಪಾಯ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆಯಿತೆಂದು ಅಭ್ಯಾಸ ನಿಲ್ಲಿಸಬೇಡಿ. ಕೆಲವು ವಾರ ದಿನಕ್ಕೆ ಹಲವು ಬಾರಿ ಮುಂದುವರಿಸಿ. ಎಷ್ಟು ದಿನ ಎಂಬುದನ್ನು ಮೊದಲ ತಪಾಸಣೆಯಲ್ಲಿ ಕೇಳಿಕೊಳ್ಳಿ. ಕಪಾಲಭಾತಿ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮ, ಬಹಳ ಹೊತ್ತು ಉಸಿರು ಕಟ್ಟುವುದು ವೈದ್ಯರು ಒಪ್ಪುವವರೆಗೆ ಬೇಡ.

ಕೊಟ್ಟಿಗೆಗೆ ಯಾವಾಗ ಮರಳಬಹುದು? ಎದೆಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಪೂರ್ತಿ ಗಟ್ಟಿಯಾಗಲು ಸುಮಾರು ಮೂರು ತಿಂಗಳು. ಅಲ್ಲಿಯವರೆಗೆ ಹೆಚ್ಚಿನ ವೈದ್ಯರು ಎರಡರಿಂದ ಐದು ಕೆ.ಜಿ.ಗಿಂತ ಹೆಚ್ಚು ಭಾರ ಎತ್ತಬೇಡಿ ಎನ್ನುತ್ತಾರೆ. ಒಂದು ಲೀಟರ್ ಹಾಲು ಒಂದು ಕೆ.ಜಿ.ಗಿಂತ ತುಸು ಹೆಚ್ಚೇ ತೂಗುತ್ತದೆ. ಹತ್ತು ಲೀಟರ್ ಕ್ಯಾನನ್ನು ಡೇರಿಗೆ ಹೊರುವುದು ಆಗದ ಮಾತು. ಹುಲ್ಲಿನ ಹೊರೆ, ಸಗಣಿ ಪುಟ್ಟಿ, ಬಾವಿಯಿಂದ ನೀರು ಸೇದುವುದು, ಜಗ್ಗುವ ಹಸುವಿನ ಹಗ್ಗ ಹಿಡಿಯುವುದು ಯಾವುದೂ ಬೇಡ. ಹಾಲು ಕರೆಯಲೂ ಅನುಮತಿ ಕೇಳಿಯೇ ಕೂರಿ. ಕವಾಟ ಬದಲಾಯಿಸಿದವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಒಂದು ಒದೆತ, ಒಂದು ಕೊಂಬಿನ ಪೆಟ್ಟಿನಿಂದಲೂ ಹೆಚ್ಚು ರಕ್ತಸ್ರಾವ ಆಗಬಹುದು.

"ಹಾಗಾದರೆ ಹಸು ನೋಡುವವರು ಯಾರು?" ಎಂಬ ಚಿಂತೆ ನಿಜವಾದದ್ದು. ಅದಕ್ಕೇ ಆಪರೇಷನ್‌ಗೆ ಮುಂಚೆಯೇ ಮೂರು ತಿಂಗಳ ಏರ್ಪಾಡು ಮಾಡಿಕೊಳ್ಳಿ. ಮನೆಯ ಗಂಡಸರು ಹಾಲು ಕರೆಯಲು ಕಲಿಯಲಿ. ನೆರೆಮನೆಯವರೊಂದಿಗೆ ಮುಯ್ಯಾಳು ಮಾತಾಡಿಕೊಳ್ಳಿ. ಬೇಕಾದರೆ ಒಂದು ಹಸುವನ್ನು ತವರಿಗೋ ನೆಂಟರಿಗೋ ಬಿಟ್ಟಿರಿ. ಇಳಿದ ಹಾಲಿನ ಬಿಲ್ಲು ಮತ್ತೆ ಏರುತ್ತದೆ.

ಈ ಲಕ್ಷಣ ಕಂಡರೆ ತಡಮಾಡಬೇಡಿ

- 100.4 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಜ್ವರ, ಚಳಿ ನಡುಕ
- ಹಳದಿ, ಹಸಿರು ಅಥವಾ ರಕ್ತ ಬೆರೆತ ಕಫ
- ಕೂತಲ್ಲೇ ಏದುಸಿರು, ಅಂಗಾತ ಮಲಗಲು ಆಗದಿರುವುದು, ತುಟಿ ನೀಲಿಯಾಗುವುದು
- ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ಆಮ್ಲಜನಕ 94ಕ್ಕಿಂತ ಕೆಳಗೆ ನಿಲ್ಲುವುದು
- ಗಾಯದಿಂದ ಕೀವು, ನೀರು; ಕೆಮ್ಮಿದಾಗ ಎದೆಮೂಳೆ ಕಟಕಟ ಎನ್ನುವುದು
- ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಹಠಾತ್ ಎದೆನೋವು

ಆಪರೇಷನ್ ಆದ ಆಸ್ಪತ್ರೆಗೆ ಕೂಡಲೇ ಫೋನ್ ಮಾಡಿ. ಉಸಿರಾಟ ಕಷ್ಟವಾದರೆ, ತುಟಿ ನೀಲಿಯಾದರೆ, ಹಠಾತ್ ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಬೆಳಗಾಗಲಿ, ಹಾಲು ಹಾಕಿ ಬರೋಣ ಎಂದು ಕಾಯಬೇಡಿ.

ಹೃದಯವನ್ನು ಸರಿಮಾಡುವವರು ವೈದ್ಯರು. ಅವರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಶ್ವಾಸಕೋಶ ಬಿಚ್ಚುವ ಕೆಲಸವನ್ನು ನಿಮ್ಮ ಪರವಾಗಿ ಬೇರೆ ಯಾರೂ ಮಾಡಲಾರರು. ಗಂಟೆಗೆ ಹತ್ತು ಉಸಿರು, ದಿಂಬು ಅಪ್ಪಿ ಒಂದು ಕೆಮ್ಮು. ದಿನಕ್ಕೆರಡು ಹೊತ್ತು ತಪ್ಪದೆ ಹಾಲು ಕರೆಯುವ ನಿಮಗೆ ಹೊತ್ತು ತಪ್ಪಿಸದೆ ಕೆಲಸ ಮಾಡುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ನಿಷ್ಠೆಯಲ್ಲಿ ಸ್ವಲ್ಪವನ್ನು ನಿಮ್ಮ ಉಸಿರಿಗೂ ಕೊಡಿ.